ಅಡ್ಡಗಾಳಿಯಲ್ಲಿ ಹುಬ್ಬಳ್ಳಿ ವಿಮಾನ

ನಾನು ವಿಮಾನ ಓಡಿಸುವವಳು, ಊರು ಯಲ್ಲಾಪುರ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟಾಗಲೆಲ್ಲ ಒಂದಲ್ಲ ಒಂದು ಫಜೀತಿ ಇದ್ದದ್ದೇ. ಅದು ಗಾಳಿಯಿಂದಲ್ಲ. ಗಾಳಿಯನ್ನು ನಾನು ನೋಡಿಕೊಳ್ಳುತ್ತೇನೆ. ಹಿಂದೆ ಕೂತಿರುವ ನಮ್ಮ ಕಡೆಯ ಜನರನ್ನು ನೋಡಿಕೊಳ್ಳುವುದು ಯಾರು?

ದಾರಿ ತೋರಿಸಿದವರು

ಗಾಳಿ ರನ್‌ವೇಗೆ ಅಡ್ಡ ಬೀಸುತ್ತಿದ್ದರೆ ವಿಮಾನದ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿಕೊಂಡು ಓರೆಯಾಗಿಯೇ ಬರಬೇಕು. ಆಗ ಕಿಟಕಿ ಪಕ್ಕ ಕೂತವರಿಗೆ ರನ್‌ವೇ ಕಂಡುಬಿಡುತ್ತದೆ. ಒಮ್ಮೆ ಹಾಗೆ ಕಂಡದ್ದು ಕೋಲಸಿರ್ಸಿಯ ಹಿರಿಯರೊಬ್ಬರಿಗೆ. ಕೂಡಲೇ ಗಗನಸಖಿಗೆ ಕೂಗಿ ಹೇಳಿದರಂತೆ, "ತಂಗೀ, ಡ್ರೈವರಂಗೆ ಹೇಳು, ರನ್‌ವೇ ಈ ಬದಿಗಿದ್ದು!"

ಅವಳು ತಲೆಯಾಡಿಸುವುದಕ್ಕೂ ನಾನು ರಡ್ಡರ್ ಒತ್ತಿ ಮೂತಿ ನೆಟ್ಟಗೆ ಮಾಡಿ ಇಳಿಸುವುದಕ್ಕೂ ಸರಿಹೋಯಿತು.

ಇಳಿಯುವಾಗ ಅವರು ಅವಳ ಹತ್ತಿರ ಮೆಲ್ಲಗೆ, "ಆನು ಹೇಳಿದ್ದಕ್ಕೆ ಸರಿ ಆತು. ಡ್ರೈವರ್ ಮಾಣಿ ಹೊಸಬ ಕಾಣ್ತು, ಬೈಯಡ" ಎಂದರಂತೆ.

ಸುತ್ತು

ಇನ್ನೊಂದು ದಿನ ಗಾಳಿ ತಗ್ಗುವವರೆಗೆ ಹುಬ್ಬಳ್ಳಿಯ ಮೇಲೆ ಸುತ್ತುತ್ತಲೇ ಇದ್ದೆವು. ಇಳಿದ ಮೇಲೆ ಬನವಾಸಿ ಕಡೆಯ ವ್ಯಾಪಾರಿಯೊಬ್ಬರು ಬಾಗಿಲಲ್ಲಿ ನಿಂತರು. ಬೈಗುಳಕ್ಕೆ ನಾನು ತಯಾರಾದೆ.

"ಮೇಡಂ, ಮುಂದಿನ ವಾರ ನಮ್ಮ ಮನಿಯವರು ಬರ್ತಾರ. ಅವರಿಗೂ ಇಷ್ಟೇ ಸುತ್ತು ಹಾಕಿಸ್ರಿ. ಇಲ್ಲಾಂದ್ರ ನನಗ ಮನ್ಯಾಗ ಉಳಿಗಾಲ ಇಲ್ರಿ."

ಅಮ್ಮ ಹತ್ತಿದ ದಿನ

ಅಂದು ಸಂಜೆ ಯಲ್ಲಾಪುರದ ಮನೆಗೆ ನನ್ನನ್ನು ನೋಡಲು ಗಂಡು ಬರುವವನಿದ್ದ. ಊರು ಕಾನಸೂರು, ಬೆಂಗಳೂರಿನಲ್ಲಿ ಹಲ್ಲಿನ ಡಾಕ್ಟರು. ನಮ್ಮ ಕಡೆ ಫೋಟೊ ಮಾತ್ರ ಬಂದಿತ್ತು. ಹುಬ್ಬಳ್ಳಿಗೆ ವಿಮಾನ ಮುಟ್ಟಿಸಿ ನಾನು ಮನೆಗೆ ಹೋಗಬೇಕು. ಬಿಟ್ಟರೆ ತಪ್ಪಿಸಿಕೊಳ್ಳುತ್ತೇನೆಂದು ಅಮ್ಮ ಬೆಂಗಳೂರಿಗೇ ಬಂದು ಅದೇ ವಿಮಾನ ಹತ್ತಿದ್ದಳು. ಈ ಸಂಬಂಧವೂ ತಪ್ಪಿದರೆ ಇನ್ನು ಯಾರೂ ಬರಲಿಕ್ಕಿಲ್ಲ ಎಂಬುದು ಅವಳ ಹೆದರಿಕೆ.

ಹುಬ್ಬಳ್ಳಿಯಲ್ಲಿ ಅಡ್ಡಗಾಳಿ ಹುಚ್ಚೆದ್ದಿತ್ತು. ಎರಡು ಸಲ ಹತ್ತಿರ ಹೋಗಿ ಮತ್ತೆ ಮೇಲೇರಿಸಿದೆ. ಗಾಳಿ ಮಿತಿ ಮೀರಿದ ಮೇಲೆ ನನ್ನ ಹತ್ತಿರ ಚರ್ಚೆಯಿಲ್ಲ. ಗೋವಾಕ್ಕೆ ತಿರುಗಿಸಿದೆ. ಅದನ್ನು ಪ್ರಯಾಣಿಕರಿಗೆ ತಿಳಿಸಿದವನು ನನ್ನ ಸಹಪೈಲಟ್.

ಅಮ್ಮನ ಹಿಂದಿನ ಸೀಟಿನಿಂದ ಒಬ್ಬ ಗೊಣಗಿದ, "ಈ ಪೈಲಟ್‌ಗೆ ಇಳಿಸಲೇ ಬತ್ತಿಲ್ಲೆ."

ಅಮ್ಮ ತಿರುಗಿಯೂ ನೋಡದೆ ಹೇಳಿದಳಂತೆ, "ಓಡಿಸ್ತಾ ಇಪ್ಪುದು ನನ್ನ ಮಗಳು. ಬೇಡ ಅಂದ್ರೆ ಬೇಡವೇ ಅದಕ್ಕೆ. ಬಂದ ಗಂಡುಗಳನ್ನೆಲ್ಲ ಹಿಂಗೇ ವಾಪಸ್ ಕಳಿಸಿದ್ದು. ನಿಂಗೆ ಇಳಿಸಲೆ ಬತ್ತು ಹೇಳಾದ್ರೆ ಮುಂದೆ ಹೋಗಿ ಕೂರು!"



ಗೋವಾದಲ್ಲಿ ಇಳಿಸಿ ಹೊರಗೆ ಬಂದರೆ ಅಮ್ಮ ಕೆಂಡ. "ಗಂಡು ನೋಡದು ತಪ್ಸಲೆ ಇಷ್ಟು ದೊಡ್ಡ ವಿಮಾನ ತಿರುಗ್ಸಿದ್ಯನೇ?"

"ಅಮ್ಮಾ, ಗಾಳಿ."

"ಎಂತ ಗಾಳಿ? ಈಗಷ್ಟೇ ಅಪ್ಪಂಗೆ ಫೋನ್ ಮಾಡಿದ್ದೆ. ಯಲ್ಲಾಪುರದಲ್ಲಿ ಒಂದು ಎಲೆ ಅಲ್ಲಾಡ್ತಾ ಇಲ್ಲೆ!"

ಸಹಪೈಲಟ್ ಬಂದು ಗಾಳಿ ನಿಜಕ್ಕೂ ಜೋರಿತ್ತು ಎಂದ. "ನಿಂಗೂ ಇದೇ ಹೇಳ್ಕೊಟ್ಟಿದ್ದು" ಎಂದು ಅವನ ಬಾಯಿಯನ್ನೂ ಮುಚ್ಚಿಸಿದಳು. ಆಮೇಲೆ ಹುಡುಗನ ಹತ್ತಿರವಾದರೂ ಕ್ಷಮೆ ಕೇಳೋಣವೆಂದು ಅವನ ನಂಬರಿಗೆ ಫೋನ್ ಹಚ್ಚಿದಳು.

ಫೋನು ಅವಳ ಬೆನ್ನ ಹಿಂದೆಯೇ ರಿಂಗಾಯಿತು.

ತಿರುಗಿ ನೋಡಿದರೆ ಹಿಂದಿನ ಸೀಟಿನವನು. ಫೋಟೊದಲ್ಲಿದ್ದದ್ದು ಇದೇ ಮುಖ, ಈಗ ಬಣ್ಣ ಮಾತ್ರ ಇಳಿದಿತ್ತು. ಅವನು ನನ್ನನ್ನು ನೋಡಿ, ಅಮ್ಮನನ್ನು ನೋಡಿ, "ಗಾಳಿ ಜೋರೇ ಇತ್ತು. ಇಳಿಸದೇ ಇದ್ದಿದ್ದೇ ಒಳ್ಳೇದಾತು" ಎಂದ. ನಿಜ ಹೇಳುತ್ತೇನೆ, ಆ ಮಾತು ನನಗೆ ಹಿಡಿಸಿತು.

ಅಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಇವನನ್ನಾದ್ರೂ ಇಳಿಸ್ಕೊಳ್ತ್ಯ, ಇಲ್ದಿದ್ರೆ ಇವನನ್ನೂ ಗೋವಾದಲ್ಲೇ ಬಿಡ್ತ್ಯ?"

"ಗಾಳಿ ನೋಡಿ ಹೇಳ್ತೆ" ಎಂದೆ.