ಅಳಿಯ ಬರೆದ ಒಂದೇ ಒಂದು ಸಾಲು

ನನ್ನ ಅಳಿಯ ಮೂರು ತಿಂಗಳಿಂದ ಒಂದೇ ಸಾಲು ಬರೆಯುತ್ತಿದ್ದ, ಅದಕ್ಕೂ ಸಂಬಳ ತೆಗೆದುಕೊಳ್ಳುತ್ತಿದ್ದ ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ!

ಅಳಿಯ ಎಂದರೆ ಅಕ್ಕನ ಮಗ. ಬಿಳೂರಿನ ಮನೆಯಲ್ಲೇ ಕೂತು ಕಂಪ್ಯೂಟರಿನ ಕೆಲಸ ಮಾಡುತ್ತಾನೆ. ಹತ್ತಾರು ಜನ ಸೇರಿ ಪ್ರೋಗ್ರಾಂ ಬರೆಯುವಾಗ ಯಾರು ಏನು ಬದಲಿಸಿದರು ಎಂಬುದನ್ನೆಲ್ಲ ಕಾದಿಡುವ ಸಾಧನವೊಂದಿದೆಯಂತೆ. ಅದರ ಒಂದೊಂದು ಕಮಾಂಡೂ ಏನು ಮಾಡುತ್ತದೆಂದು ಜನರಿಗೆ ತಿಳಿಯುವ ಹಾಗೆ ಬರೆಯುವುದು ಇವನ ಕೆಲಸ. ಚಟ ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಮನೆಯ ಸ್ವಿಚ್ಚಿನ ಮೇಲೂ ಚೀಟಿ: ‘ಒತ್ತಿದರೆ ಫ್ಯಾನ್ ನಿಲ್ಲುತ್ತದೆ. ಸೆಕೆ ನಿಲ್ಲುವುದಿಲ್ಲ.’

“ನನ್ನ ಹಣಿಮ್ಯಾಲೂ ಒಂದು ಹಚ್ಚಿಬಿಡೋ!” ಎಂದಳು ಅಕ್ಕ. ಏನು ಬರೆಯಬೇಕೆಂದು ಅವನು ಎರಡು ದಿನ ಯೋಚಿಸಿದ!

ನಾನು ನಾಲ್ಕನೇ ಇಯತ್ತೆಗೇ, ಅಂದರೆ ನಾಲ್ಕನೇ ತರಗತಿಗೇ, ಸಾಲಿ ಬಿಟ್ಟವನು. ಆದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಸಬೇಕೆಂದರೆ ದೂರದ ಸಂಖ ಊರಿನವರೂ ಶೇಗಾಂವದ ನನ್ನ ಅಂಗಡಿಗೇ ಬರಬೇಕು! ಪ್ರತಿ ರವಿವಾರ ಅಳಿಯನೂ ಬರುತ್ತಿದ್ದ, ಕಾಗದ ಹಿಡಿದು.

“ಮಾಮಾ, ಕೇಳ್ರಿ. ‘ಈ ಕಮಾಂಡ್ ಫೈಲನ್ನು ಹಿಂದಿನ ಸ್ಥಿತಿಗೆ ಮರಳಿಸುತ್ತದೆ.’ ತಿಳೀತೇನ್ರಿ?”

“ಇಲ್ಲ.”

“ಭಾಳ ಚಲೋ ಆತು!” ಎಂದು ಕುಣಿಯುತ್ತ ಹೋಗುತ್ತಿದ್ದ. ಮುಂದಿನ ವಾರ ಮತ್ತೆ ಹಾಜರ್!

ಕೊನೆಗೆ ನನಗೆ ರೇಗಿತು. “ಏನೋ ಅಳ್ಯಾ, ಇಡೀ ತಾಲೂಕಿನ್ಯಾಗ ನಿನಗ ಸಿಕ್ಕ ದಡ್ಡ ನಾನೊಬ್ಬನ ಏನು?”

ಅವನು ಕಾಗದ ಜೇಬಿಗಿಟ್ಟು ಎದ್ದು ಹೋದ. ನನ್ನನ್ನು ಸಮಾಧಾನ ಮಾಡಲೆಂದೋ ಏನೋ, ಮರುವಾರ ನನ್ನ ಕೆಲಸದ್ದೇ ವಿವರಣೆ ಬರೆದು ತಂದ. ನನಗೇ ಕಲಿಸುತ್ತಾನೆಯೇ? ಆಗಲಿ, ಅವನು ಬರೆದ ಹಾಗೇ ಮಾಡಿ ತೋರಿಸೋಣವೆಂದು ನಮ್ಮ ಬಾವಿಯ ಸುಟ್ಟ ಮೋಟಾರನ್ನೇ ಬಿಚ್ಚಿದೆ. ಮೊದಲ ಸಾಲು: ‘ಹಳೆಯ ತಂತಿ ಕತ್ತರಿಸಿ.’ ಕತ್ತರಿಸಿದೆ! ಎರಡನೆಯದು: ‘ಕತ್ತರಿಸುವ ಮೊದಲು ಯಾವ ತುದಿ ಯಾವುದಕ್ಕೆ ಕೂಡಿತ್ತೆಂದು ಬರೆದಿಟ್ಟುಕೊಳ್ಳಿ.’

ಸುದ್ದಿ ಕೇಳಿದ ನನ್ನ ಹೆಂಡತಿ ಬರಿಗೊಡ ತಂದು ಮುಂದಿಟ್ಟಳು. “ಇನ್ನ ಆ ಕಾಗದಾನ ಹಿಂಡಿಕೊಂಡು ನೀರು ಕುಡೀರಿ!”

ನಾನು ಅಳಿಯನ ಮೇಲೆ ಹಾರಿದೆ. “ಹೋದದ್ದು ಮತ್ತ ಸಿಗೂದಿಲ್ಲ ಅನ್ನೂದು ಮೊದಲ ಹೇಳಬೇಕಲೇ! ನಿನ್ನ ಕಮಾಂಡಿಂದೂ ಹಿಂಗ ಏನು?”

ಅವನ ಮುಖ ಬಾಡಿತು. “ಹೌದ್ರಿ ಮಾಮಾ. ಉಳಿಸಿ ಇಡದ ಕೆಲಸ ಎಲ್ಲಾ ಅಳಿಸಿ ಹೋಗ್ತೈತಿ. ಅದನ್ನ ಕಡೀಕ ಬರದೀನಿ.”

“ಕಡೀತನಕ ಯಾರು ಓದ್ತಾರೋ?”

ಅವನು ಮೋಟಾರಿನ ಪಕ್ಕದಲ್ಲೇ ಕುಕ್ಕರಿಸಿ ಬರೆದು ಓದಿದ: ‘ಉಳಿಸದ ಕೆಲಸ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಬೇಕಾದದ್ದನ್ನು ಮೊದಲು ಉಳಿಸಿಕೊಂಡು, ಆಮೇಲೆ ಈ ಕಮಾಂಡ್ ಕೊಡಿ.’

“ತಿಳೀತೇನ್ರಿ?”

“ತಿಳೀತು.”

ಕಾಗದ ಮಡಿಚುತ್ತ ಅವನು ಮೆಲ್ಲಗೆ ಹೇಳಿದ: “ದಡ್ಡ ಅಂತ ಕೇಳಾಕ ಬರತಿದ್ದಿಲ್ರಿ ಮಾಮಾ. ನಮ್ಮ ಆಫೀಸಿನವರು ತಿಳೀದಿದ್ರೂ ಗೋಣು ಹಾಕ್ತಾರ. ತಿಳೀಲಿಲ್ಲ ಅಂತ ಹೇಳಾವ್ರು ನೀವೊಬ್ರ.”

ನಾಲ್ಕನೇ ಇಯತ್ತೆಯಲ್ಲಿ ನಾನು ಎದ್ದು ನಿಂತು ಇದೇ ಮಾತು ಹೇಳಿದ್ದೆ, “ತಿಳೀಲಿಲ್ರಿ” ಎಂದು. ಇಡೀ ವರ್ಗ ನಕ್ಕಿತ್ತು. ಮರುದಿನದಿಂದ ನಾನು ಸಾಲಿಗೆ ಹೋಗಲಿಲ್ಲ.

ಈ ಹುಚ್ಚ ಅದೇ ಮಾತು ಕೇಳಿ, ಮೂರು ತಿಂಗಳು ತನ್ನ ಸಾಲನ್ನೇ ತಿದ್ದುತ್ತ ಕೂತಿದ್ದ.