ಬೆಳಗಿನ ಐದರ ಫೋನು

ನಗೆಯ ವಿಷಯ ಹುಡುಕಿಕೊಂಡು ಅಲೆಯುವವರು ಬ್ಯಾಡಗಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನೋಡಬೇಕು. ವಿಷಯವೇ ಹಾಜರಿ ಹೇಳಿ ಎದುರಿಗೆ ಕೂರುತ್ತದೆ.

ದತ್ತು

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಶಾಲೆ ತಾಲೂಕಿಗೇ ಕೊನೆ. ಹಾವೇರಿಯ ಸಭೆಯಲ್ಲಿ ಹೆಡ್‌ಮಾಸ್ಟರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದ್ದರು. "ಇನ್ನೊಮ್ಮೆ ನಿಲ್ಲೂದು ನನ್ನ ಕೈಲಿ ಆಗಂಗಿಲ್ಲ" ಎಂದ ಅವರು ಹಿಂದುಳಿದ ಮಕ್ಕಳನ್ನು ನಮಗೆ ದತ್ತು ಹಂಚಿದರು. ನನ್ನ ಪಾಲಿಗೆ ಬಂದವನು ಕಣ್ಣು ತೆರೆದೇ ನಿದ್ದೆ ಮಾಡುವ ಕಲಾವಿದ. ಮನೆಗೆ ಹೋಗಿ ವಿಷಯ ತಿಳಿಸಿದರೆ ಅವನ ಅಜ್ಜಿಗೆ ಖುಷಿಯೋ ಖುಷಿ.

"ಚಲೋ ಆತ್ರಿ ಸರ. ಹೊತ್ತಿಗೆ ಐದು ರೊಟ್ಟಿ ತಿಂತಾನ. ಇವತ್ತ ಕರ್ಕೊಂಡು ಹೋಗ್ರಿ."

ಸಾಹೇಬರ ಕಣ್ಣೀರು

ಮೆಣಸಿನಕಾಯಿ ಸುಗ್ಗಿಯಲ್ಲಿ ಮೇಲಿನ ಸಾಹೇಬರು ತಪಾಸಣೆಗೆ ಬಂದರು. ನನ್ನ ದತ್ತುಪುತ್ರ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿದು, ಕೈ ತೊಳೆಯದೆ ಬಂದಿದ್ದ. ಅದೃಷ್ಟಕ್ಕೆ ಹದಿಮೂರರ ಮಗ್ಗಿ ಸರಿಯಾಗಿ ಹೇಳಿದ. ಸಾಹೇಬರು ಶಭಾಷ್ ಎಂದು ಅವನ ಎರಡೂ ಕೈ ಹಿಡಿದು ಕುಲುಕಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟೇ, ಧಾರಾಕಾರ!

ಜೀಪು ಹೋದ ಮೇಲೆ ಹೆಡ್‌ಮಾಸ್ಟರು ಅಂದರು, "ನಮ್ಮ ರಿಸಲ್ಟ್ ನೋಡಿ ಬೈದವ್ರು ಭಾಳ ಮಂದಿ. ಅತ್ತವ್ರು ಇವ್ರೊಬ್ಬರ."

ಹಲ್ಲು ತಿಕ್ಕುವ ಹೊತ್ತು

ಬೆಳಗಿನ ಐದಕ್ಕೆ ಫೋನ್ ಮಾಡಿ ದತ್ತುಮಕ್ಕಳನ್ನು ಓದಲು ಎಬ್ಬಿಸಬೇಕೆಂಬುದು ಹೆಡ್‌ಮಾಸ್ಟರ ಆಜ್ಞೆ. ನನ್ನ ಫೋನೆತ್ತುತ್ತಿದ್ದವರು ಹುಡುಗನ ಅವ್ವ.

"ಎದ್ದು ಓದಾಕತ್ತಾನ್ರಿ."

"ಹಂಗಾರ ಪೈಥಾಗೊರಸ್ ಪ್ರಮೇಯ ಹೇಳಸ್ರಿ."

"ಹಲ್ಲು ತಿಕ್ಕಾಕತ್ತಾನ್ರಿ, ನಾನ ಹೇಳ್ತೇನಿ" ಎಂದು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಶಾಲೆಯಲ್ಲಿ ಅದೇ ಪ್ರಶ್ನೆ ಕೇಳಿದರೆ ಹುಡುಗ, "ಪೈಥಾಗೊರಸ್ ಹಲಗೇರಿ ಕಡ್ಯಾವ್ರೇನ್ರಿ ಸರ?" ಎನ್ನುತ್ತಿದ್ದ.

ಸಂಶಯ ಬಂದು ಒಂದು ನಸುಕಿನಲ್ಲಿ ಬೈಕೇರಿ ಹೋದೆ. ಹುಡುಗ ಕೌದಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತ, ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಗಣಿತದ ಪುಸ್ತಕ ಓದುತ್ತಿದ್ದರು.

"ಗುರುಗಳಿಗೆ ಸುಳ್ಳು ಹೇಳಬಾರದು ನೋಡ್ರಿ. ಮನ್ಯಾಗ ಯಾರರ ಒಬ್ರು ಓದಬೇಕಲ್ರಿ?"

ಅವ್ವ ಹತ್ತನೇ ತರಗತಿಯಲ್ಲಿ ಗಣಿತದಲ್ಲೇ ಫೇಲಾಗಿ ಓದು ಬಿಟ್ಟವರಂತೆ. "ಮಗನಿಗೂ ಕಲಿಸ್ರಿ, ನೀವೂ ಪರೀಕ್ಷಾ ಕಟ್ರಿ" ಅಂದೆ. ಅಂದಿನಿಂದ ಆ ಮನೆಯಲ್ಲಿ ಲೆಕ್ಕ ತಪ್ಪಿದರೆ ರೊಟ್ಟಿ ಇಲ್ಲ ಎಂಬ ಕಾಯಿದೆ ಬಂತು. ಹುಡುಗ ಮೊದಲು ಸೊರಗಿದ, ಆಮೇಲೆ ಚುರುಕಾದ.

ಫಲಿತಾಂಶ ಬಂತು. ಹುಡುಗ ಗಣಿತದಲ್ಲಿ ಅಂಚಿನ ಮೇಲೆ ಪಾಸು, ಅವ್ವ ಮಗನ ಎರಡರಷ್ಟು ಅಂಕದಲ್ಲಿ ಪಾಸು. ಈ ಸಲ ಸಭೆಯಲ್ಲಿ ಕೂತೇ ಇದ್ದ ಹೆಡ್‌ಮಾಸ್ಟರು ರಾಣೆಬೆನ್ನೂರಿನಿಂದ ಪೇಡೆ ತರಿಸಿದರು. ನನಗೂ ಕಣ್ಣು ತುಂಬಿ ಬಂತು, ಮೆಣಸಿನಕಾಯಿ ಇಲ್ಲದೆಯೇ. ಇನ್ನು ನಿಶ್ಚಿಂತೆಯೆಂದು ಮಲಗಿದೆ.

ಮರುದಿನ ಬೆಳಗಿನ ಐದಕ್ಕೆ ಫೋನು ಬಡಿದುಕೊಂಡಿತು. ನನ್ನ ಹೆಂಡತಿ ಎತ್ತಿದಳು. ಆ ಕಡೆಯಿಂದ ಅವ್ವನ ದನಿ: "ಸರ ಎದ್ದಾರೇನ್ರಿ ಅಕ್ಕಾರ? ಪಿಯುಸಿ ಪುಸ್ತಕ ತಂದೇನಿ, ಸುರು ಮಾಡೂಣಂತ."

ನಾನು ಹೊದಿಕೆಯೊಳಗಿಂದಲೇ ಕೈಮುಗಿದೆ. ಹೆಂಡತಿ ನನ್ನ ಕಡೆ ನೋಡುತ್ತ ಫೋನಿನಲ್ಲಿ ಹೇಳಿದಳು:

"ಹಲ್ಲು ತಿಕ್ಕಾಕತ್ತಾರ್ರಿ."