ದೊಡ್ಡ ವರ್ಷದ ಒಂದು ಸೀಸೆ

ಬೇರೆಯವರ ಮನೆಗೆ ತಮಾಷೆ ಹಬ್ಬಕ್ಕೊಂದು ಸಲ ಬರುತ್ತೆ. ನನ್ನ ಮನೆ ಜಗಲಿ ಮೇಲೆ ಅದು ಬೆಳಗ್ಗೇನೇ ಬಂದು ಕೂತಿರುತ್ತೆ, ನಾನು ಚಪ್ಪಲಿ ಮೆಟ್ಟೋದನ್ನೇ ಕಾಯ್ಕೊಂಡು. ನಾನು ಸ್ಕೂಲಿನ ಮೆಟ್ಟಿಲು ಹತ್ತಿದೋನಲ್ಲ. ಹತ್ತಿದ್ದೆಲ್ಲ ಅಟ್ಟದ ಏಣಿ. ನಾಲ್ಕಕ್ಷರ ಕಲಿತಿದ್ದೂ ಕೊಬ್ಬರಿ ಮೂಟೆ ಮೇಲಿನ ಹೆಸರು ನೋಡ್ಕೊಂಡೇ. ಆದರೂ ಹೊರದೇಶದ ಕೆಂಪು ವೈನಿನ ವಿಷಯ ನನ್ನಷ್ಟು ತಿಳಿದೋನು ತಿಪಟೂರಿಂದ ತುರುವೇಕೆರೆವರೆಗೂ ಇನ್ನೊಬ್ಬ ಇಲ್ಲ. ಕುಡಿದಿದೀಯಾ ಅಂತ ಮಾತ್ರ ಕೇಳಬೇಡಿ. ಕಥೆ ಇರೋದೇ ಅಲ್ಲಿ.

ಕಿವಿ ಪರೀಕ್ಷೆ

ನಮ್ಮೂರಿನ ತೋಟದ ಯಜಮಾನರು ಅರ್ಧ ಆಯಸ್ಸು ಹೊರದೇಶದ ದೊಡ್ಡ ಹೋಟ್ಲುಗಳಲ್ಲಿ ಕಳೆದು, ದಬ್ಬೇಘಟ್ಟದ ಹತ್ತಿರ ಇರೋ ತಮ್ಮ ತೆಂಗಿನ ತೋಟಕ್ಕೆ ವಾಪಸ್ ಬಂದರು. ಬರುವಾಗ ಬಂಗಾರ ತರಲಿಲ್ಲ, ಟೀವಿ ತರಲಿಲ್ಲ. ಮರದ ಪೆಟ್ಟಿಗೆಗಳ ತುಂಬ ಕೆಂಪು ವೈನು ತಂದರು. ಎಲ್ಲಾ ಒಂದೇ ವರ್ಷದ್ದು. ಆ ವರ್ಷ ಅಲ್ಲಿ ದ್ರಾಕ್ಷಿಗೆ ಬೇಕು ಅಂದಾಗ ಬಿಸಿಲು ಬಂತಂತೆ, ಸಾಕು ಅಂದಾಗ ಮಳೆ ನಿಂತಿತಂತೆ. ಅಂಥ ವರ್ಷದ ವೈನು ಇಟ್ಟಷ್ಟೂ ಹಣ್ಣಾಗುತ್ತೆ ಅಂದರು. ಅದಕ್ಕೆ ನಾನೇ 'ದೊಡ್ಡ ವರ್ಷ' ಅಂತ ಹೆಸರಿಟ್ಟೆ. ಅವರೂ ಹಾಗೇ ಕರೆಯೋಕೆ ಶುರು ಮಾಡಿದರು.

ಇಡೋಕೆ ಜಾಗ ಬೇಕಲ್ಲ. ಅವರ ಅಂಗಳದಲ್ಲಿ ಮುತ್ತಾತನ ಕಾಲದ ರಾಗಿ ಹಗೇವು ಇತ್ತು. ನೆಲದೊಳಗೆ ತೋಡಿದ ಕತ್ತಲೆ ಗುಂಡಿ, ಎಂಥಾ ಬೇಸಿಗೇಲೂ ತಣ್ಣಗೆ. ಸೀಸೆಗಳೆಲ್ಲ ಅದರೊಳಗೆ ಮಲಗಿದವು. ನೋಡ್ಕೊಳ್ಳೋಕೆ ನನ್ನ ಕರೆದರು. ಯಾಕೆ ನನ್ನೇ? ನನ್ನ ಕಿವಿ ಅಂಥಾದ್ದು. ನಮ್ಮ ಕಡೆ ಕಾಯನ್ನ ಅಟ್ಟದ ಮೇಲೆ ವರ್ಷ ತುಂಬೋವರೆಗೆ ಬಿಟ್ಟು ಉಂಡೆ ಕೊಬ್ಬರಿ ಮಾಡ್ತೀವಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಕುಳುಕುಳು ಅಂದರೆ ಒಳಗಿನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ಗಡಗಡ ಅಂದರೆ ಕೊಬ್ಬರಿ ಕರಟ ಬಿಟ್ಟಿದೆ, ಸುಲಿಯೋಕೆ ಕೊಡು. ನಾನು ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿ ಮುಂದೆ ಲಾರಿ ಹೋಗೋ ಸದ್ದಲ್ಲೂ ಕಾಯಿ ಕೇಳಿ ಹೇಳಿದೋನು. ಒಂದು ಸಲ ಹುಳಿಯಾರು ಬಸ್ಸಲ್ಲಿ ಕೂತು, ದಾರಿ ಪಕ್ಕದ ಮನೆ ಅಟ್ಟದ ಕಾಯಿ ಬಲಿತಿದೆ ಅಂತ ಕೂಗಿ ಹೇಳಿದ್ದೆ. ಆ ಮನೆಯವರು ಬಸ್ ನಿಲ್ಲಿಸಿ ನನಗೆ ಮಜ್ಜಿಗೆ ಕೊಟ್ಟರು.

ಹಗೇವಿಗೆ ಇಳಿಯೋ ಮುಂಚೆ ಒಳಗೆ ಕೆಟ್ಟ ಗಾಳಿ ಇದೆಯಾ ಅಂತ ದೀಪ ಇಳಿಬಿಟ್ಟು ನೋಡಬೇಕು. ನೋಡಿದೆ. ಇಳಿದೆ. ಒಂದೊಂದೇ ಸೀಸೆ ಎತ್ತಿ, ಕಿವಿಗೆ ಹಿಡಿದು, ಚೆನ್ನಾಗಿ ಅಲ್ಲಾಡಿಸಿದೆ. ಮೇಲಿಂದ ಬಗ್ಗಿ ನೋಡಿದ ಯಜಮಾನರು ಚೇಳು ಕುಟುಕಿದೋರ ಥರ ಕಿರುಚಿದರು.

"ಅಯ್ಯೋ, ಏನ್ ಮಾಡ್ತಿದ್ದೀಯಯ್ಯಾ! ಅದರ ಗಸಿ ತಳದಲ್ಲಿ ಕೂರೋಕೆ ವರ್ಷಾನುಗಟ್ಲೆ ಹಿಡಿದಿದೆ! ಮಗು ಮಲಗಿದ ಹಾಗೆ ಮಲಗಿರಬೇಕು ಅದು!"

"ಮಲಗಲಿ ಸ್ವಾಮಿ, ನಾನು ಬೇಡ ಅಂದ್ನಾ? ಆದರೆ ನೀವು ಮೋಸ ಹೋಗಿದೀರಿ. ಎಲ್ಲಾ ಕೇಳಿ ನೋಡಿದೆ. ಒಂದೂ ಒಣಗಿಲ್ಲ!"

ಉಗಿಯೋ ಅಮ್ಮಾವ್ರು

ಗಸಿ ಮತ್ತೆ ಕೂತ ಮೇಲೆ, ದೊಡ್ಡ ವರ್ಷ ಎಲ್ಲಿಗೆ ಬಂತು ಅಂತ ನೋಡಿ ಹೇಳೋಕೆ ಬೆಂಗಳೂರಿಂದ ಒಬ್ಬ ಅಮ್ಮಾವ್ರು ಬಂದರು. ವೈನು ರುಚಿ ನೋಡೋದೇ ಅವರ ಕಸುಬು. ತೋಟದಲ್ಲಿ ಮೇಜು ಹಾಕಿ, ಬಿಳೀ ಪಂಚೆ ಹಾಸಿ, ಬಲೂನಿನಂಥ ಗ್ಲಾಸು ಜೋಡಿಸಿದ್ದಾಯ್ತು. ಪಕ್ಕದಲ್ಲಿ ಯಜಮಾನರ ಅಜ್ಜಿಯ ಹಿತ್ತಾಳೆ ಪೀಕದಾನಿ.

ಅಮ್ಮಾವ್ರು ಗ್ಲಾಸು ಓರೆ ಮಾಡಿ ಬಣ್ಣ ನೋಡಿದರು. ಗರಗರ ತಿರುಗಿಸಿದರು. ಮೂಗು ಅದ್ದೋ ಹಾಗೆ ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ನಾನು ಉಸಿರು ಹಿಡಿದೆ. ಪೀಕದಾನಿಗೆ ಪಿಚಕ್ಕಂತ ಉಗಿದರು!

"ಕೆಟ್ಟೋಗಿದೆಯಾ ತಾಯಿ?"

"ಇಲ್ಲ ತಾತ, ಅದ್ಭುತವಾಗಿದೆ."

"ಮತ್ತೆ ಉಗಿದ್ರಿ?"

"ಚೆನ್ನಾಗಿರೋದನ್ನೂ ಉಗೀಬೇಕು ತಾತ. ನುಂಗಿದರೆ ಅಮಲಾಗಿ, ಮುಂದಿನದರ ರುಚಿ ತಿಳಿಯಲ್ಲ."

ನನ್ನ ಹೊಟ್ಟೆ ಉರಿದುಹೋಯ್ತು. ನಮ್ಮ ಮನೇವಳು ಉಪ್ಪು ಮರೆತ ಸಾರನ್ನೂ ನಾನು ನುಂಗಿ, ಚೆನ್ನಾಗಿದೆ ಅಂದಿದೀನಿ. ಇಲ್ಲಿ ಚೆನ್ನಾಗಿದೆ ಅಂದು ಉಗೀತಾರೆ!

ಎರಡನೇ ಸೀಸೆಗೆ ಅಮ್ಮಾವ್ರು ಮೂಗರಳಿಸಿ, "ಆಹಾ, ಹಳೇ ಚರ್ಮ, ಹೊಗೆಸೊಪ್ಪು, ಜೊತೆಗೆ ಸ್ವಲ್ಪ ಕೊಟ್ಟಿಗೆ ವಾಸನೆ" ಅಂದರು. ನನಗೆ ಮುಖ ಎತ್ತೋಕಾಗಲಿಲ್ಲ. ಯಜಮಾನರ ಎಮ್ಮೆ ಗಾಳಿ ಬರೋ ಕಡೇನೇ ಕಟ್ಟಿತ್ತು. ದೊಡ್ಡ ಮನೆ ಮರ್ಯಾದೆ ನೋಡಿ, ಸದ್ದಿಲ್ಲದೆ ಅದನ್ನ ಬಿಚ್ಚಿ ತೋಟದ ಆ ಕೊನೇಲಿ ಕಟ್ಟಿ ಬಂದೆ.

ಮೂರನೇ ಸೀಸೆ ತೆಗೆದರು. ಅಮ್ಮಾವ್ರು ಮೂಸಿದರು, ಇನ್ನೊಂದ್ಸಲ ಮೂಸಿದರು, ಮುಖ ಸಪ್ಪಗೆ ಮಾಡಿದರು.

"ಇದರಲ್ಲಿ ಆ ಕೊಟ್ಟಿಗೆ ಗುಣ ಬಂದಿಲ್ಲ. ಅದು ಇದ್ದಿದ್ದರೆ ಎಷ್ಟು ಮೇಲಿರೋದು."

ಯಜಮಾನರು ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು, "ಎಮ್ಮೆ ಹಿಡ್ಕೊಂಡು ಬಾರಯ್ಯ ಬೇಗ!"

ಖಾಲಿ ಗ್ಲಾಸು

ಪರೀಕ್ಷೆ ಮುಗಿದ ಮೇಲೆ ಪೀಕದಾನಿ ಚೆಲ್ಲೋ ಕೆಲಸ ನಂದು. ಒಂದು ತೆಂಗಿನ ಮರದ ಬುಡಕ್ಕೆ ಹುಯ್ದೆ. ಮುಂದಿನ ಸಲ ಆ ಮರದ ಎಳನೀರಿಗೆ ಕೆಂಪು ಛಾಯೆ ಬಂತು. ಕುಡಿದೋರು ಮನೆ ದಾರಿ ಮರೆತು ಹುಳಿಯಾರಿನ ಬಸ್ಸು ಹತ್ತಿ ಕೂತರು. ನಂಬದೇ ಇದ್ದರೆ ಬಿಡಿ. ಮರ ಇವತ್ತಿಗೂ ವಾಲಿಕೊಂಡೇ ನಿಂತಿದೆ, ಹೋಗಿ ನೋಡಿ.

ಗ್ಲಾಸು ತೊಳೆಯೋದೂ ನನ್ನದೇ. ಎಲ್ಲರೂ ಒಳಗೆ ಊಟಕ್ಕೆ ಹೋಗಿದ್ದರು. ಗ್ಲಾಸಿನಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ, ವಾಸನೆ ಮಾತ್ರ ಇತ್ತು. ಅಮ್ಮಾವ್ರು ಮಾಡಿದ ಹಾಗೇ ಮೂಗಿಟ್ಟೆ. ನನಗೆ ಚರ್ಮಾನೂ ಬರಲಿಲ್ಲ, ಎಮ್ಮೇನೂ ಬರಲಿಲ್ಲ. ಬಂದಿದ್ದು ನೇರಳೆ ಹಣ್ಣು. ಹುಳಿಯಾರಿನ ಆಚೆ ಹೆಣ್ಣು ನೋಡೋಕೆ ಹೋದ ದಿನ, ಹುಡುಗಿ ಮರದಡಿಯಿಂದ ಓಡಿ ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಾಲಿಗೆ, ತುಟಿ, ಸೆರಗಿನ ತುದಿ ಎಲ್ಲ ನೇರಳೆ ಬಣ್ಣ. ಹಿರಿಯರು "ಹುಡುಗೀನ ಏನಾದ್ರೂ ಕೇಳಪ್ಪ" ಅಂದರು. ನಾನು "ಹಣ್ಣು ಉಳಿದಿದೆಯಾ?" ಅಂತ ಕೇಳಿದ್ದೆ.

ಅವತ್ತೇ ಮನಸ್ಸಲ್ಲಿ ಅಂದ್ಕೊಂಡೆ. ಈ ದೊಡ್ಡ ವರ್ಷದ್ದನ್ನ ಸಾಯೋದರೊಳಗೆ ಒಂದು ಸಲ ಕುಡೀಬೇಕು. ಅವಳ ಜೊತೆ ಕೂತು ಕುಡೀಬೇಕು. ಉಗೀಬಾರದು.

ಮನೆಗೆ ಬಂದು ಹೇಳಿದೆ. "ನೀನೂ ಒಂದು ಗುಟುಕು ಕುಡೀಬೇಕು ಕಣೇ."

ಅವಳು ಸೌಟು ಎತ್ತಿದಳು. "ಈ ವಯಸ್ಸಲ್ಲಿ ಹೆಂಡ ಕುಡಿಸೋಕೆ ಬಂದ್ರಾ? ಆ ದರಿದ್ರದ ವಾಸನೆ ಈ ಹೊಸಲು ದಾಟಿದರೆ, ನಾನು ಆಚೆ ದಾಟ್ತೀನಿ!"

ವಾಸನೆ ದಾಟಿ ಆಗಿತ್ತು. ನನ್ನ ಮೂಗಿನ ತುದೀಲೇ ಕೂತು ಬಂದಿತ್ತು.

ಬಲಿಯದ ಕಾಯಿ

ಆಮೇಲೆ ಈ ಕಡೆ ಕಾಲುವೆ ನೀರು ಬಂತು. ಊರಿಗೆಲ್ಲ ಹಬ್ಬ, ಭತ್ತದ ಗದ್ದೆ ಎದ್ದವು. ನಮ್ಮ ಹಗೇವಿಗೆ ಮಾತ್ರ ಜಲ ಒಸರಿ ಮೊಣಕಾಲುದ್ದ ನಿಂತಿತು. ಯಜಮಾನರು ಸೀಸೆಗಳನ್ನ ಮೇಲೆತ್ತಿಸಿದರು. ಬಿಸಿಲಿಗೆ ಕೆಡೋದಕ್ಕಿಂತ ಕುಡಿದೇ ಮುಗಿಯಲಿ ಅಂತ ನೆಂಟರಿಗೆ, ಸ್ನೇಹಿತರಿಗೆ ಹಂಚಿಬಿಟ್ಟರು. ಕೊನೇ ಸೀಸೆ ನನ್ನ ಕೈಗಿಟ್ಟರು.

"ಇದು ನಿಂದು ಕಣಯ್ಯ. ಆದರೆ ಇನ್ನೂ ಎಳೇದು. ಕತ್ತಲೇಲಿ ಮಲಗಿಸು. ನಾನು ಹೇಳೋವರೆಗೆ ತೆಗೀಬೇಡ. ಮುಖ್ಯವಾಗಿ, ಅಲ್ಲಾಡಿಸಬೇಡ!"

ಹಣ್ಣಾಗೋಕೆ ಇಡೋದು ಅಂದರೆ ನಮ್ಮಲ್ಲಿ ಜಾಗ ಒಂದೇ, ಅಟ್ಟ. ಕಾಯಿ ರಾಶಿ ನಡುವೆ ಮಲಗಿಸಿದೆ. ನಮ್ಮ ಮನೇವಳು ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ತಾನೇ ಏಣಿ ಹತ್ತಿ, ಹಳೇ ರವಿಕೆ ಬಟ್ಟೆ ತಗೊಂಡು ಸೀಸೆ ಬಾಯಿಗೆ ಬಿಗಿಯಾಗಿ ಸುತ್ತಿ ಕಟ್ಟಿದಳು. "ಇಲಿ ಕಾಟ. ಅದೂ ಅಲ್ದೆ ವಾಸನೆ ನಂಗಾಗಲ್ಲ" ಅಂದಳು. ಕೈ ಹಿಡಿದೋಳು ದಾರಿಗೆ ಬಂದಳು ಅಂತ ನಾನು ಹಿಗ್ಗಿದೆ.

ಆ ವರ್ಷ ಅಟ್ಟದ ಕಾಯಿ ಇಳಿಸೋಕೆ ಒಬ್ಬ ಆಳು ಬಂದ. ಮೇಲೆ ಕೂತು ಕಾಯಿ ಅಲ್ಲಾಡಿಸಿ, ಬಲಿತಿದ್ದನ್ನ ಕೆಳಗೆ ಎಸೀತಿದ್ದ. ನನಗೆ ತಟ್ಟಂತ ನೆನಪಾಯ್ತು.

"ಲೇ, ನಿಲ್ಲಿಸ್ಲಾ! ಅಲ್ಲೊಂದು ಸೀಸೆ ಇದೆ ಕಣ್ಲಾ!"

"ನೋಡ್ದೆ ಬುಡಣ್ಣ" ಅಂದ ಅವನು ತಣ್ಣಗೆ. "ಅಲ್ಲಾಡ್ಸೂ ನೋಡ್ದೆ. ಅದಿನ್ನೂ ಬಲಿತಿಲ್ಲ. ಅದಕ್ಕೇ ಆ ಕಡೆ ಇಟ್ಟಿದೀನಿ."

ತೆಗೆದ ದಿನ

ಯಜಮಾನರು ಹೇಳಲೇ ಇಲ್ಲ. ವರ್ಷ ವರ್ಷವೂ ಕೇಳ್ತಿದ್ದೆ. "ಇನ್ನೂ ಎಳೇದು ಕಣಯ್ಯ" ಅಂತಿದ್ದರು. ಅಷ್ಟರಲ್ಲಿ ನಮ್ಮ ಮನೇವಳು ಹೊರಟುಹೋದಳು. ಒಂದು ವಾರದ ಜ್ವರ, ಅಷ್ಟೇ. ಅವಳಿಗೆ ಕಾಯೋದು ಯಾವತ್ತೂ ಬರ್ತಿರಲಿಲ್ಲ.

ವರ್ಷ ಕಳೀತು. ನಾನೇ ಯಜಮಾನರ ಹತ್ತಿರ ಹೋಗಿ, "ಸ್ವಾಮಿ, ಅದು ಹಣ್ಣಾಗೋದರೊಳಗೆ ನಾನು ಉದುರಿ ಹೋಗ್ತೀನಿ" ಅಂದೆ. ಅವರಿಗೂ ಆಸೆ. ದೊಡ್ಡ ವರ್ಷದ್ದು ಭೂಮಿ ಮೇಲೆ ಉಳಿದಿರೋದೇ ನನ್ನ ಅಟ್ಟದಲ್ಲಿರೋ ಅದೊಂದು ಅಂದರು. ಬೆಂಗಳೂರಿನ ಅಮ್ಮಾವ್ರಿಗೂ ಹೇಳಿ ಕಳಿಸಿದರು. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ನಮ್ಮ ಪಡಸಾಲೆಯಲ್ಲಿ ಕೂತೆವು. ಸೊಸೆ ಪಂಚೆ ಹಾಸಿದಳು. ಎದುರುಮನೆ ಹಸು ತಂದು ಕಿಟಕಿ ಹತ್ತಿರ ಕಟ್ಟಿಸಿದ್ದೆ. ಯಾವ ಗುಣಾನೂ ಕಮ್ಮಿ ಆಗಬಾರದು ನೋಡಿ. ನನ್ನ ಪಕ್ಕದಲ್ಲಿ ಒಂದು ಗ್ಲಾಸು ಜಾಸ್ತಿ ಇಟ್ಟಿದ್ದೆ.

ಯಜಮಾನರು ರವಿಕೆ ಬಟ್ಟೆ ಬಿಚ್ಚಿದರು. ಕೈ ಅಲ್ಲೇ ನಿಂತಿತು. ಸೀಸೆ ಬಾಯಲ್ಲಿ ಬಿರಡೆ ಇರಲಿಲ್ಲ. ಜೋಳದ ಬೆಂಡು ಸಿಕ್ಕಿಸಿತ್ತು.

"ಇದೇನಯ್ಯಾ?"

"ನಂಗೇನು ಗೊತ್ತು ಸ್ವಾಮಿ, ಆ ದೇಶದಲ್ಲಿ ಜೋಳ ಬೆಳೆಯಲ್ವಾ?"

ಬಗ್ಗಿಸಿದರು. ಬಣ್ಣ ಕಪ್ಪಗೆ, ಗಟ್ಟಿಯಾಗಿ ಬಂತು. ಅಮ್ಮಾವ್ರು ಮೂಸಿದರು. ಗುಟುಕು ಹಾಕಿ ಕಣ್ಣು ಮುಚ್ಚಿದರು. ನಾನು ಪೀಕದಾನಿ ಮುಂದೆ ಹಿಡಿದೆ. ಅವರು ಕೈಯಿಂದ ದೂರ ತಳ್ಳಿ ನುಂಗಿಬಿಟ್ಟರು.

"ಉಗೀಲಿಲ್ಲ!" ಅಂತ ಕೂಗಿದೆ ನಾನು.

"ಇದು ದೊಡ್ಡ ವರ್ಷ ಅಲ್ಲ ತಾತ. ವೈನೂ ಅಲ್ಲ. ಆದರೆ ಉಗಿಯೋಕೆ ಮನಸ್ಸು ಬರಲಿಲ್ಲ" ಅಂದರು.

ನಾನು ಬಾಯಿಗೆ ಹಾಕಿದೆ. ನೇರಳೆ ಹಣ್ಣಿನ ರಸ, ಬೆಲ್ಲ, ಲವಂಗ, ಕೊನೆಗೆ ಗಂಟಲಲ್ಲಿ ಶುಂಠಿ ಖಾರ. ನನಗೆ ಕೆಮ್ಮು ಬಂದಾಗೆಲ್ಲ ಅವಳು ಕಾಯಿಸಿ ಕೊಡ್ತಿದ್ದ ಕಷಾಯ. ಅಟ್ಟದ ಮೇಲೆ ಕೂತು ಹುಳಿ ತಿರುಗಿ, ಸ್ವಲ್ಪ ಅಮಲೂ ಸೇರಿತ್ತು. ಅವಳು ಹೋದ ಮೇಲೆ ನನ್ನ ಕೆಮ್ಮಿಗೆ ಡಾಕ್ಟರ ಔಷಧಾನೇ. ಊರೇ ಸಾಕು ಬಿಡಪ್ಪ ಅಂದರೂ ನಿಲ್ಲದ ನನ್ನ ಬಾಯಿ ಆ ಗುಟುಕನ್ನ ಹಿಡ್ಕೊಂಡೇ ಕೂತಿತು.

ಬಾಗಿಲ ಹತ್ತಿರ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಗ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು.

"ಅತ್ತೆ ಯಾರಿಗೂ ಹೇಳ್ಬೇಡ ಅಂದಿದ್ರು ಮಾವ. ಮಂಡಿ ನೋವಿಗೆ ಹಚ್ಕೋತೀನಿ ಅಂತ ತೆಗೆದ್ರು. ಮೊದಲು ಮಂಡಿಗೆ ಹಚ್ಚಿದ್ರು. ಹೊರಗೆ ಹಚ್ಚಿದ್ದು ಒಳಗಿನ ನೋವಿಗೆ ತಲುಪ್ತಿಲ್ಲ ಅಂತ, ಆಮೇಲೆ ದಿನಾ ಒಂದೊಂದು ಚಮಚ ಕುಡಿದ್ರು. ಖಾಲಿಯಾದಾಗ, ನೀವು ನೋಡಿ ನೊಂದ್ಕೋತೀರ ಅಂತ ಇದನ್ನ ತುಂಬ್ಸಿಟ್ರು."

ವರ್ಷಾನುಗಟ್ಲೆ ನಾನು ಕಾದಿದ್ದ ದೊಡ್ಡ ವರ್ಷ, ನನ್ನ ಅಡುಗೆಮನೆಯಲ್ಲೇ ಚಮಚದಲ್ಲಿ ಮುಗಿದುಹೋಗಿತ್ತು! ವಾಸನೆ ಆಗಲ್ಲ ಅಂತ ಸೀಸೆ ಬಾಯಿಗೆ ಬಟ್ಟೆ ಬಿಗಿದ ಹೆಂಗಸು!

ನನಗೆ ಒಂದೇ ಒಂದು ಬೇಕಿತ್ತು. "ಹೆಂಗಿತ್ತಂತಮ್ಮ? ಏನಾದ್ರೂ ಹೇಳಿದ್ಲಾ?"

"ಹೇಳಿದ್ರು ಮಾವ. 'ಸ್ವಲ್ಪ ಎಳೇದು ಕಣೇ. ನಿಮ್ಮ ಮಾವ ಹೇಳಿದ ಹಾಗೆ ಇನ್ನೊಂದೆರಡು ವರ್ಷ ಬಿಟ್ಟಿದ್ರೆ ಚೆನ್ನಾಗಿರೋದು. ಆದ್ರೆ ಮಂಡಿ ಕೇಳ್ಬೇಕಲ್ಲ' ಅಂದ್ರು."

ಅಮ್ಮಾವ್ರು ನಕ್ಕಿದ್ದೇ ನಕ್ಕಿದ್ದು. ಕಿಟಕಿ ಹತ್ತಿರದ ಹಸು ಬೆದರಿ ಗೂಟ ಕಿತ್ತಿತು. ನಾನು ಉಳಿದಿದ್ದಕ್ಕೆ ಮತ್ತೆ ಬೆಂಡು ಸಿಕ್ಕಿಸಿ, ಅದೇ ರವಿಕೆ ಬಟ್ಟೆ ಸುತ್ತಿ ಕಟ್ಟಿದೆ. ಏಣಿ ಕಡೆ ಹೊರಟೆ.

"ಅದನ್ನ ಮತ್ಯಾಕಯ್ಯ ಅಟ್ಟಕ್ಕೆ?" ಅಂದರು ಯಜಮಾನರು.

"ಹಣ್ಣಾಗ್ಲಿ ಸ್ವಾಮಿ."

ಅವರು ನನ್ನ ಮುಖ ನೋಡಿದರು. ಎದ್ದು ಬಂದು ಸೀಸೆ ಇಸ್ಕೊಂಡರು. ಅವತ್ತು ಹಗೇವಿನ ಬಾಯಲ್ಲಿ ಕಿರುಚಿದ ಅದೇ ಮನುಷ್ಯ ಅದನ್ನ ಕಿವಿಗೆ ಹಿಡಿದು, ನಮ್ಮ ಅಟ್ಟದ ಆಳಿಗಿಂತ ಜೋರಾಗಿ ಅಲ್ಲಾಡಿಸಿದರು. ಕಣ್ಣು ಮುಚ್ಚಿ ಕೇಳಿದರು. ತಲೆ ಆಡಿಸಿ ನನ್ನ ಕೈಗೆ ಕೊಟ್ಟರು.

"ಹೌದು ಕಣಯ್ಯ. ಇನ್ನೂ ನೀರಾಡ್ತಾ ಇದೆ. ಇಡು."